ಮಂಚದ ರೇಟಿಗೆ ಒಂದು ದೇವರ ಗೂಡು

ಏರ್‌ಪೋರ್ಟಿನಲ್ಲಿ ನನ್ನ ಉಳಿ

ನಾನು ಓದಿದ್ದು ಏಳನೇ ಕ್ಲಾಸಿನ ಅರ್ಧದವರೆಗೆ. ಮಿಕ್ಕ ಅರ್ಧ ಮೇಷ್ಟ್ರ ಕುರ್ಚಿ, ಶಾಲೆಯ ಬೆಂಚು ರಿಪೇರಿಯಲ್ಲಿ ಕಳೆಯಿತು. ಬೆಂಚು ಸರಿಹೋಯಿತು, ಶಾಲೆ ಬಿಟ್ಟುಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯೂಜಿಲೆಂಡಿನ ಇತಿಹಾಸ, ಜನಸಂಖ್ಯೆ ಎಲ್ಲ ತಿಳಿಯಬೇಕೆನ್ನುವವರು ಓದಿದವರನ್ನು ಕೇಳಿ. ಅಲ್ಲಿನ ಗೋಡೆ ಹೇಗಿದೆ, ಮರ ಹೇಗಿದೆ ಎಂದು ಕೇಳಿದರೆ ನಾನು ಹೇಳಬಲ್ಲೆ.

ಹ್ಯಾಮಿಲ್ಟನ್ ಎಂಬ ಊರಿನಲ್ಲಿ ನನ್ನ ಮಗಳು ಸವಿತಾ ನರ್ಸ್. ಟಿಕೆಟ್ ಕಳಿಸಿದವಳೇ ಫೋನಿನಲ್ಲಿ ಇನ್ನೊಂದು ಮಾತು ಸೇರಿಸಿದ್ದಳು: "ಅಪ್ಪಾ, ಬರುವಾಗ ನಿನ್ನ ಉಳಿ, ಕೀಸುಳಿ ತಗೊಂಡ್ ಬಾ. ಡೋಲ್ಮಾ ಅವರಮ್ಮಂಗೆ ದೇವರ ಗೂಡು ನಿನ್ ಕೈಯಲ್ಲೇ ಆಗ್ಬೇಕಂತೆ." ಡೋಲ್ಮಾ ಅವಳ ಗೆಳತಿ.

ಹಾಗಾಗಿ ಆಕ್ಲೆಂಡಿನಲ್ಲಿ ಇಳಿದಾಗ ನನ್ನ ಪೆಟ್ಟಿಗೆಯಲ್ಲಿ ಚಟ್ನಿಪುಡಿಗಿಂತ ಕಬ್ಬಿಣವೇ ಜಾಸ್ತಿ. ಆ ದೇಶದವರಿಗೆ ಹೊರಗಿನ ಮಣ್ಣು, ಮರ, ಹುಳು ಎಂದರೆ ಭಾರಿ ಹೆದರಿಕೆ. ಒಬ್ಬ ಹೆಂಗಸು ನನ್ನ ಕೀಸುಳಿಯ ಮರವನ್ನು ದೀಪದ ಕೆಳಗೆ ಹಿಡಿದು, ಹುಳು ತೂತು ಮಾಡಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು. "ಎಷ್ಟು ಹಳೆಯದು?" ಎಂದು ಕೇಳಿದ್ದು ಅರ್ಥವಾಯಿತು. "ಮೈ ಫಾದರ್," ಎಂದೆ. ಅವಳು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು. ಆದರೆ ನನ್ನ ಬೂಟಿನ ತಳದಲ್ಲಿದ್ದ ನಮ್ಮೂರಿನ ಕೆಮ್ಮಣ್ಣನ್ನು ಬಿಡಲಿಲ್ಲ. ಒಳಗೆ ಒಯ್ದು ತೊಳೆದು ತಂದುಕೊಟ್ಟಳು. ಐವತ್ತೆಂಟು ವರ್ಷದಲ್ಲಿ ಸರ್ಕಾರ ನನ್ನ ಬೂಟು ತೊಳೆದದ್ದು ಅದೊಂದೇ ಸಲ.

ರೊಟೊಟೂನ

ಇಲ್ಲಿ ನನ್ನ ಕಸುಬಿನ ವಿಷಯ ಹೇಳಬೇಕು. ಬೈಲುಕುಪ್ಪೆಯ ಟಿಬೆಟಿಯನ್ ಕ್ಯಾಂಪುಗಳ ಪಕ್ಕದಲ್ಲೇ ನನ್ನ ಶೆಡ್ಡು. ಮೂವತ್ತೈದು ವರ್ಷದಿಂದ ಆ ಜನಕ್ಕೆ ಮಂಚ, ಬೀರು, ಎಲ್ಲಕ್ಕಿಂತ ಹೆಚ್ಚಾಗಿ ದೇವರ ಗೂಡು ಮಾಡುತ್ತ ಬಂದವನು. ಅವರ ಗೂಡಿನಲ್ಲಿ ಬುದ್ಧನ ಮುಂದೆ ಏಳು ನೀರಿನ ಬಟ್ಟಲು ಸಾಲಾಗಿ ಕೂರಬೇಕು. ಬಟ್ಟಲಿಗೂ ಬಟ್ಟಲಿಗೂ ನಡುವೆ ಒಂದು ಬಾರ್ಲಿ ಕಾಳಿನಷ್ಟೇ ಜಾಗ. ಗೂಡು ಮಲಗಿದವರ ಕಾಲ ಕಡೆ ಇರಬಾರದು, ಕೂತವರ ತಲೆಗಿಂತ ಕೆಳಗಿರಬಾರದು. ಇದನ್ನೆಲ್ಲ ನನಗೆ ಯಾರೂ ಪುಸ್ತಕದಲ್ಲಿ ತೋರಿಸಲಿಲ್ಲ.

ಆ ಜನ ಮಂಚಕ್ಕೆ ಚೌಕಾಸಿ ಮಾಡುತ್ತಾರೆ, ಬೀರುವಿಗೆ ಜಗಳವನ್ನೇ ಆಡುತ್ತಾರೆ. ದೇವರ ಗೂಡಿಗೆ ಮಾತ್ರ ಹೇಳಿದ ಬೆಲೆ ಹೇಳಿದ ಹಾಗೇ ಕೊಡುತ್ತಾರೆ. ಮನೆಗೆ ಸೋರುವ ಶೀಟು, ದೇವರಿಗೆ ತೇಗದ ಗೂಡು! ಮುಸುಕಿನ ಜೋಳ ಮಾರಿದ ದಿನವೇ ಗೊಂಪಾ ಎಂಬ ತಮ್ಮ ಮಠದ ಪೂಜೆಗೆಂದು ದುಡ್ಡು ಎತ್ತಿಟ್ಟು, ಗೊಬ್ಬರಕ್ಕೆ ಸಾಲ ಕೇಳುವವರನ್ನು ಕಣ್ಣಾರೆ ಕಂಡಿದ್ದೇನೆ. "ಪಾಪದ ಜನ, ಖರ್ಚು ಮಾಡೋಕೆ ಬರಲ್ಲ," ಎಂದು ಶೆಡ್ಡಿನಲ್ಲಿ ನಗುತ್ತಿದ್ದೆ. ನಗುತ್ತಲೇ ಗೂಡಿನ ಬೆಲೆಯನ್ನು ಒಂದಿಷ್ಟು ಏರಿಸಿ ಹೇಳುತ್ತಿದ್ದೆ. ಕೇಳುವವರಿಲ್ಲವಲ್ಲ. ಸವಿತಾಳ ನರ್ಸಿಂಗ್ ಫೀಸು ಹುಟ್ಟಿದ್ದು ಆ ಏರಿಕೆಯಲ್ಲೇ.

ಡೋಲ್ಮಾ ಆ ಕ್ಯಾಂಪುಗಳಲ್ಲೇ ನಾಲ್ಕನೆಯದರ ಹುಡುಗಿ. ಮೈಸೂರಿನಲ್ಲಿ ಸವಿತಾಳ ಜೊತೆ ನರ್ಸಿಂಗ್ ಓದಿ, ಇಲ್ಲಿ ಅವಳ ಫ್ಲ್ಯಾಟ್‌ಮೇಟ್ ಆಗಿದ್ದು, ಈಗ ಹ್ಯಾಮಿಲ್ಟನ್ನಿನ ಉತ್ತರಕ್ಕಿರುವ ರೊಟೊಟೂನ ಎಂಬ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕೊಂಡಿದ್ದಾಳೆ. ತಾಯಿಯನ್ನೂ ಕರೆಸಿಕೊಂಡಿದ್ದಾಳೆ. ತಾಯಿಯನ್ನು ಎಲ್ಲರೂ ಅಮಾಲಾ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅಮ್ಮಾವ್ರು ಎಂದ ಹಾಗೆ. ಕ್ಯಾಂಪಿನಲ್ಲಿ ಅಮಾಲಾಗೆ ಗೂಡು ಮಾಡಿಕೊಟ್ಟವನು ನಾನೇ.

"ಬನ್ನಿ ಆಚಾರ್ರೇ," ಎಂದರು ಬಾಗಿಲಲ್ಲಿ. "ದಪ್ಪ ಆಗಿದೀರ. ಹಿಂದೆ ಗರಗಸದ ಥರ ಇದ್ರಿ."

"ನಿಮ್ಮ ಬೆಣ್ಣೆ ಚಹಾ ಕುಡ್ದು ಕುಡ್ದು ಹಿಂಗಾಗಿರೋದು ಅಮಾಲಾ."

"ಎಲ್ಲಿ ಕುಡಿದ್ರಿ? ನಾನು ಕೊಟ್ಟಾಗೆಲ್ಲ ಬಾಳೆಗಿಡದ ಬುಡಕ್ಕೆ ಸುರೀತಿದ್ರಿ. ನಾನು ನೋಡ್ಲಿಲ್ವಾ?"

ತಾಯಿ ಮಗಳು ಮೂರು ವರ್ಷ ಬಾಡಿಗೆ ಮನೆಯಲ್ಲಿದ್ದಾಗ ಗೋಡೆಗೆ ಒಂದು ಮೊಳೆ ಹೊಡೆಯಲೂ ಅಪ್ಪಣೆ ಇರಲಿಲ್ಲವಂತೆ. ಅವರ ತಾಮ್ರದ ಬುದ್ಧ ಅಷ್ಟು ದಿನವೂ ರೇಷ್ಮೆ ಬಟ್ಟೆ ಸುತ್ತಿಕೊಂಡು ಬಟ್ಟೆಬೀರುವಿನ ಮೇಲಿನ ಅರೆಯಲ್ಲಿದ್ದ. "ಸ್ವೆಟರ್ ಜೊತೆ," ಎಂದು ಅಮಾಲಾ ಬೇಸರದಿಂದ ಹೇಳಿದರು.

ಡೋಲ್ಮಾ ನಕ್ಕಳು. "ಅಂಕಲ್, ದೇವರ ಖರ್ಚು ಪೂರ್ತಿ ಅಮ್ಮಂದು. ಮನೆ ಸಾಲದ ಮಾರ್ಟ್‌ಗೇಜ್ ಪೂರ್ತಿ ನಂದು. ನಮ್ಮನೇಲಿ ಡಿಪಾರ್ಟ್‌ಮೆಂಟ್ ಬೇರೆ ಬೇರೆ."

ಆ ಬೀದಿಯಲ್ಲಿ ಮನೆಗೊಂದು ದೋಣಿ. ಸಮುದ್ರ ಎಲ್ಲೋ ಇದೆ, ದೋಣಿ ಮಾತ್ರ ಅಂಗಳದಲ್ಲಿ, ಮುಸುಕು ಹೊದ್ದು ನಿಂತಿದೆ. ಎದುರುಮನೆಯಾತ ಶನಿವಾರ ಮುಸುಕು ತೆಗೆದು, ತೊಳೆದು, ಒರೆಸಿ, ಹೊಳಪಿನೆಣ್ಣೆ ಹಚ್ಚಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮತ್ತೆ ಮುಸುಕು ಹಾಕಿದ. "ವರ್ಷಕ್ಕೆ ಎಷ್ಟು ಸಲ ನೀರಿಗಿಳಿಸ್ತಾನೆ?" ಎಂದು ಕೇಳಿದೆ. "ಎರಡು ಸಲ ಆದ್ರೆ ಜಾಸ್ತಿ ಅಂಕಲ್," ಎಂದಳು ಡೋಲ್ಮಾ. ನಮ್ಮೂರಲ್ಲಿ ಉತ್ಸವಮೂರ್ತಿಯೂ ಅಷ್ಟೇ ಸಲ ಹೊರಗೆ ಬರುವುದು.

ಟೊಳ್ಳು ಗೋಡೆ

ಅಲ್ಲಿ ಸಿಗುವುದು ಬರೀ ಪೈನ್ ಮರ. ತೇಗ ಕಂಡ ಕೈಗೆ ಅದು ಮೂಲಂಗಿ ಹೆಚ್ಚಿದ ಹಾಗೆ. ಆದರೂ ಎರಡೇ ದಿನದಲ್ಲಿ ಸವಿತಾಳ ಗ್ಯಾರೇಜಿನಲ್ಲಿ ಗೂಡು ಸಿದ್ಧವಾಯಿತು. ಕಮಾನು ಕೆತ್ತಿದೆ, ಎರಡು ಕದ ಕೂರಿಸಿದೆ, ಏಳು ಬಟ್ಟಲಿಗೆ ಅಳತೆ ಹಿಡಿದೆ. ಡೋಲ್ಮಾಳ ಮನೆಗೆ ಒಯ್ದು ಗೋಡೆ ತಟ್ಟಿದಾಗ ಡಬ್ ಡಬ್ ಎಂದಿತು.

"ಅಪ್ಪಾ, ಇಲ್ಲಿ ಗೋಡೆ ಇಟ್ಟಿಗೇದಲ್ಲ. ಬಿಲ್ಡರ್‌ನ ಒಂದ್ ಮಾತು ಕೇಳೋಣ," ಎಂದಳು ಸವಿತಾ.

"ಮೂವತ್ತೈದು ವರ್ಷ ಗೋಡೆಗೆ ಮೊಳೆ ಹೊಡ್ದೋನ್ಗೆ ಬಿಲ್ಡರ್ ಪಾಠ ಹೇಳ್ಕೊಡ್ತಾನಾ? ಹಿಡ್ಕೋ ಈ ಕಡೆ."

ತೂತು ಕೊರೆದು, ಊರಿಂದ ತಂದ ಪ್ಲಾಸ್ಟಿಕ್ ಬೆಣೆ ಬಡಿದು, ಸ್ಕ್ರೂ ತಿರುಗಿಸಿದೆ. ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯಿತು. ಆಗಲೇ ನನಗೆ ತಿಳಿಯಬೇಕಿತ್ತು. ಗೂಡು ಗಂಭೀರವಾಗಿ ನಿಂತಿತು. ಅಮಾಲಾ ಸ್ನಾನ ಮಾಡಿ ಬಂದು ರೇಷ್ಮೆ ಬಿಚ್ಚಿ ಬುದ್ಧನನ್ನು ಕೂರಿಸಿದರು. ಮೊಳದುದ್ದದ ತಾಮ್ರದ ಮೂರ್ತಿ, ಚಿನ್ನದ ಲೇಪದ ಮುಖ. ಒಂದೊಂದೇ ಬಟ್ಟಲಿಗೆ ನೀರು ಹಾಕುತ್ತ ಬಂದರು. ನಾವು ಅಡುಗೆಮನೆಯಲ್ಲಿ ಚಹಾ ಹಿಡಿದು ಕೂತಿದ್ದೆವು. ಏಳನೇ ಬಟ್ಟಲಿಗೆ ನೀರು ಬಿದ್ದಿತೋ ಇಲ್ಲವೋ, ಗೋಡೆ ಹರಿದ ಸದ್ದಾಯಿತು.

ಹೌದು, ಹರಿದ ಸದ್ದೇ. ಆ ದೇಶದಲ್ಲಿ ಗೋಡೆ ಎಂದರೆ ಎರಡು ಕಾಗದದ ನಡುವೆ ಸುಣ್ಣದ ಹಿಟ್ಟು ತುಂಬಿದ ಹಲಗೆ; ಹಿಂದೆ ಅಲ್ಲೊಂದು ಇಲ್ಲೊಂದು ಮರದ ಕಂಬ. ಕಂಬಕ್ಕೆ ಸಿಕ್ಕಿಸಿದರೆ ಆನೆಯನ್ನಾದರೂ ಹೊರುತ್ತದೆ. ನಾನು ಎರಡು ಕಂಬದ ನಡುವಿನ ಗಾಳಿಗೆ ಸ್ಕ್ರೂ ಹೊಡೆದಿದ್ದೆ.

ಮೂರ್ತಿಯ ಹೊಟ್ಟೆಯಲ್ಲಿ

ಗೂಡು ಬೋರಲು ಬಿದ್ದಿತ್ತು. ಬಟ್ಟಲುಗಳು ಉರುಳುತ್ತಿದ್ದವು. ಮೂರ್ತಿ ಅಂಗಾತ ಬಿದ್ದು ತಳದ ತಾಮ್ರದ ಮುಚ್ಚಳ ಬಿಚ್ಚಿಕೊಂಡಿತ್ತು. ಒಳಗಿನದೆಲ್ಲ ಒದ್ದೆ ಜಮಖಾನದ ಮೇಲೆ ಚೆಲ್ಲಿತ್ತು: ಹಳದಿ ಬಟ್ಟೆಯಲ್ಲಿ ಸುರುಳಿ ಸುತ್ತಿದ ಮಂತ್ರದ ಕಾಗದ, ಒಣಗಿದ ಬಾರ್ಲಿ ಕಾಳು, ಯಾವುದೋ ಸೊಪ್ಪಿನ ಪುಡಿ, ಕೆಂಪು ಹವಳ ಒಂದು. ಜೊತೆಗೆ ನಾಲ್ಕು ಮೂಲೆ ತೀಡಿ ಮೇಲಕ್ಕೆ ಸಣ್ಣಗಾಗುತ್ತ ಹೋಗುವ ಒಂದು ಮರದ ಕಡ್ಡಿ. ಉದ್ದಕ್ಕೂ ಸೀಳಿಹೋಗಿತ್ತು.

ಅಮಾಲಾ ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ನೆಲದಲ್ಲಿ ಕೂತು ಒಂದೊಂದೇ ಕಾಳು ಆರಿಸತೊಡಗಿದರು. ನಾನೂ ಕೂತು ಆರಿಸಿದೆ.

"ಈ ಹವಳ ನಮ್ಮಮ್ಮಂದು," ಎಂದರು, ಅದನ್ನು ಬೆರಳಲ್ಲಿ ಒರೆಸುತ್ತ. "ಜಡೆಯಲ್ಲಿ ಇತ್ತು. ಮೂರ್ತಿ ತುಂಬಿಸೋ ದಿನ ಬಿಚ್ಚಿ ಒಳಗೆ ಹಾಕಿದ್ಲು. ನಾನು ಇದನ್ನ ನೋಡಿ ಅರವತ್ತು ವರ್ಷ ಆಯ್ತು."

ಆಮೇಲೆ ಕೇಳಿದ್ದು ಇದು. ಅವರದು ದನ ಕಾಯುವ ಮನೆತನ. ಯಾಕ್ ಎಂಬ ಬೆಟ್ಟದ ದನದ ಕೂದಲಿನಲ್ಲಿ ನೇಯ್ದ ಕಪ್ಪು ಡೇರೆ. "ಬೆಣ್ಣೆ ಕಡೆದ್ರೆ ಮೊದಲ ಉಂಡೆ ದೀಪಕ್ಕೆ, ಎರಡನೇದು ಗೊಂಪಾಕ್ಕೆ. ಅಣ್ಣ ಗೊಂಪಾದಲ್ಲಿ ಸನ್ಯಾಸಿ, ಅವನ ಊಟ ಬಟ್ಟೆ ಮನೇದೇ. ಯಾರಾದ್ರೂ ಸತ್ರೆ ಅವರ ಹೆಸರಲ್ಲಿ ದನ ಕೊಡೋದು. ಮಿಕ್ಕಿದ ಬೆಣ್ಣೆ ಕೊಟ್ಟು ಕೆಳಗಿನ ಹಳ್ಳಿ ರೈತರತ್ರ ಬಾರ್ಲಿ ತಗೊಳೋದು."

"ಮಿಕ್ಕಿದ್ರಲ್ಲಿ ಹೊಟ್ಟೆ ತುಂಬ್ತಿತ್ತಾ ಅಮಾಲಾ?"

"ಕೆಲವು ವರ್ಷ ತುಂಬ್ತಿತ್ತು."

ಈ ಮೂರ್ತಿಗಾಗಿ ಅವರಪ್ಪ ಹಾಲು ಕೊಡುವ ಹೆಣ್ಣು ಯಾಕುಗಳನ್ನೇ ಕೊಟ್ಟನಂತೆ. ಆ ಚಳಿಗಾಲ ಮಕ್ಕಳು ಕಪ್ಪು ಚಹಾ ಕುಡಿದರು. ಅಯ್ಯೋ ಎಂದಿರಬೇಕು ನಾನು. ಅಮಾಲಾ ತಲೆಯೆತ್ತಿದರು.

"ನಮ್ಮಪ್ಪನ್ನ ಯಾರೂ ಹುಚ್ಚ ಅನ್ಲಿಲ್ಲ ಆಚಾರ್ರೇ. ಕೊಡದೇ ಇದ್ದಿದ್ರೆ ಅಂತಿದ್ರು."

ಡೋಲ್ಮಾ ಆಕ್ಲೆಂಡಿನಲ್ಲಿದ್ದ ಒಬ್ಬ ಲಾಮಾಗೆ ವಿಡಿಯೋ ಕಾಲ್ ಹಚ್ಚಿದಳು. ಬೈಲುಕುಪ್ಪೆಯಲ್ಲಿ ಓದಿದವರು, ಭಕ್ತರು ಕರೆದರೆಂದು ಬಂದಿದ್ದರು. ಅವರು ಸೀಳಿದ ಕಡ್ಡಿಯನ್ನು ನೋಡಿ ಹೇಳಿದರು: ಅದು ಮೂರ್ತಿಯ ಪ್ರಾಣದ ಮರ, ಬೆನ್ನುಮೂಳೆ ಇದ್ದ ಹಾಗೆ. ಹೊಸದು ಆಗಬೇಕು. ಪರಿಮಳದ ಮರವಾಗಿರಬೇಕು. ಮರ ಬೆಳೆದಾಗ ಯಾವುದು ಮೇಲಿತ್ತೋ ಅದೇ ಮೇಲಿರಬೇಕು, ತಲೆಕೆಳಗಾದರೆ ನಡೆಯದು. ತಂದರೆ ಭಾನುವಾರ ತುಂಬಿಸಿಕೊಡುವೆ. ಸೋಮವಾರ ಲಾಮಾ ಇಂಡಿಯಾಕ್ಕೆ ವಾಪಸು ಹೊರಡುವವರಿದ್ದರು.

ಅವತ್ತು ಶುಕ್ರವಾರ. ತುಂಬಿಸದಿದ್ದರೆ? "ಬರೀ ತಾಮ್ರದ ಪಾತ್ರೆ," ಎಂದರು ಅಮಾಲಾ. ಅವರಿಗೆ ಎಪ್ಪತ್ತೆರಡು ವರ್ಷ. ಇನ್ನೊಬ್ಬ ಲಾಮಾ ಆ ದೇಶಕ್ಕೆ ಯಾವಾಗ ಬರುತ್ತಾರೋ ಯಾರಿಗೆ ಗೊತ್ತು?

"ಕಡ್ಡಿ ನಾನು ಮಾಡ್ತೀನಿ. ಖರ್ಚೆಲ್ಲ ನಂದು. ತಪ್ಪು ನಂದು," ಎಂದೆ.

"ಕೆಲಸ ನಿಮ್ಮದು," ಎಂದರು ಅಮಾಲಾ. "ಖರ್ಚಿಗೆ ಕೈ ಹಾಕ್ಬೇಡಿ."

ಕೆನ್ ಎಂಬುವನ ಹೊಲ

ಊರಾಚೆ ಹಾಲಿನ ದನದ ಹೊಲಗಳು. ಬೇಲಿಯುದ್ದಕ್ಕೂ ಗಾಳಿ ತಡೆಯಲು ನೆಟ್ಟ ದೊಡ್ಡ ಮರಗಳು. ಮೊದಲ ದಿನ ಕಾರಿನಿಂದಲೇ ಅವುಗಳ ಮೇಲೆ ನನಗೆ ಕಣ್ಣಿತ್ತು. ಶನಿವಾರ ಸವಿತಾ, ಅಮಾಲಾ, ನಾನು ಅಲ್ಲಿಗೆ ಹೋದೆವು. ಮ್ಯಾಕ್ರೋಕಾರ್ಪಾ ಅನ್ನುತ್ತಾರೆ. ಮುರಿದ ಕೊಂಬೆ ಮೂಸಿದರೆ ನಿಂಬೆ, ಶುಂಠಿ ಎರಡೂ ಸೇರಿದ ವಾಸನೆ. ಅಮಾಲಾ ಮೂಸಿ ಕಣ್ಣು ಮುಚ್ಚಿಕೊಂಡರು. ಅವರ ಬೆಟ್ಟದಲ್ಲಿ ಧೂಪಕ್ಕೆ ಸುಡುವ ಮರದ ನೆಂಟ ಇದು ಎಂದರು.

ಕಳೆದ ವರ್ಷದ ಬಿರುಗಾಳಿಗೆ ಉರುಳಿದ ಮರವೊಂದು ಒಂದು ಗೇಟಿನ ಪಕ್ಕ ಬಿದ್ದಿತ್ತು. ಸವಿತಾ ಮನೆಯ ಬಾಗಿಲು ತಟ್ಟಿ ಕೇಳಿದಳು. ಹೊರಗೆ ಬಂದವನು ಕೆನ್ ಎಂಬ ಮುದುಕ. ಮಂಡಿಯವರೆಗೆ ರಬ್ಬರ್ ಬೂಟು, ಆ ಚಳಿಯಲ್ಲೂ ಚಡ್ಡಿ. ಮಾತು ಮುಗಿಯುವ ಮೊದಲೇ ಯೂಟ್ ಎಂದು ಅವರು ಕರೆಯುವ ಪಿಕಪ್ ಗಾಡಿಯಿಂದ ಮೋಟಾರು ಗರಗಸ ತೆಗೆದ. ಒಂದು ತುಂಡು ಕೊಯ್ದ, ಕೊಡಲಿಯಲ್ಲಿ ನಾಲ್ಕಾಗಿ ಸೀಳಿದ, ಒಳ್ಳೆಯ ಸೀಳೊಂದನ್ನು ನನ್ನ ಕೈಗಿಟ್ಟ. ಅವನ ಕೊಡಲಿಯ ಏಟು ನೋಡಿ ಮರ್ಯಾದೆ ಹುಟ್ಟಿತು.

ಅಮಾಲಾ ಲಕೋಟೆ ತೆಗೆದರು.

ಕೆನ್ ಎರಡು ಕೈಯನ್ನೂ ಬೀಸಿದ. "ಒಲೆಗೆ ಹಾಕೋ ಮರ ಇದು, ಮೇಟ್. ದುಡ್ಡು ಬೇಡ."

ಅಮಾಲಾ ಮರದ ಸೀಳನ್ನು ನನ್ನ ಕೈಯಿಂದ ಕಿತ್ತು ಅವನ ಗಾಡಿಗೆ ವಾಪಸು ಹಾಕಿದರು.

ಅವನು ತೆಗೆದುಕೊಟ್ಟ, ಇವರು ವಾಪಸು ಹಾಕಿದರು. ಮತ್ತೆ ಅವನು, ಮತ್ತೆ ಇವರು. "ಏನು ಇವರ ಪ್ರಾಬ್ಲಮ್?" ಎಂದು ಅವನು ಸವಿತಾಳನ್ನು ಕೇಳಿದ. ನನಗೂ ಅದೇ ಪ್ರಶ್ನೆ.

"ಬಿಟ್ಟಿ ಸಿಗ್ತಾ ಇದೆ, ಸುಮ್ನೆ ತಗೊಳ್ಳಿ ಅಮಾಲಾ," ಎಂದೆ.

"ಬಿಟ್ಟಿ ಬಂದ ಮರ ಯಾರ್ದು ಆಚಾರ್ರೇ? ಕೊಟ್ಟವನದು. ಪುಣ್ಯಾನೂ ಅವನದೇ. ನಾನು ಬೆಲೆ ಕೊಟ್ರೆ ನಂದು." ನನ್ನ ಕಡೆ ತಿರುಗಿದರು. "ಕ್ಯಾಂಪಲ್ಲಿ ನೀವು ನನ್ನ ಗೂಡಿಗೆ ಬೆಲೆ ಹೇಳಿದಾಗ ನಾನು ಚೌಕಾಸಿ ಮಾಡಿದ್ನಾ? ಅದೇ ತಿಂಗಳು ಮಂಚ ಮಾಡಿಸ್ದೆ. ಎರಡಕ್ಕೂ ಒಂದೇ ತೇಗ. ಗೂಡಿಗೆ ಮಂಚದ ಅರ್ಧ ಮರ ಇರ್ಲಿಲ್ಲ. ಬೆಲೆ ಮಂಚದ ಎರಡರಷ್ಟು. ನಾನು ದನ ಮೇಯಿಸ್ದೋಳು, ದಡ್ಡಿ ಅಲ್ಲ."

ಸವಿತಾ ಬೇರೆ ಪಕ್ಕದಲ್ಲೇ ಇದ್ದಳು. "ಗೊತ್ತಿದ್ದೂ ಯಾಕೆ ಕೊಟ್ರಿ?" ಎಂದೆ.

"ನಾನು ಕೊಟ್ಟದ್ದು ನನ್ನ ಲೆಕ್ಕಕ್ಕೆ. ನೀವು ಜಾಸ್ತಿ ತಗೊಂಡದ್ದು ನಿಮ್ಮ ಲೆಕ್ಕಕ್ಕೆ. ಅದರಲ್ಲಿ ನಂಗೇನು ನಷ್ಟ?"

ಕಡೆಗೆ ಸವಿತಾ ಇಂಗ್ಲಿಷಿನಲ್ಲಿ ಏನೋ ಬಿಡಿಸಿ ಹೇಳಿದಳು. ಕೆನ್ ತಲೆ ಕೆರೆದುಕೊಂಡು, ಲಕೋಟೆಯಿಂದ ಒಂದೇ ನೋಟು ಎಳೆದುಕೊಂಡ. ಅಮಾಲಾ ಅವನ ಕೊರಳಿಗೆ ಬಿಳಿ ರೇಷ್ಮೆ ಶಾಲು ಹಾಕಿದರು. ನಾವು ಗೇಟು ದಾಟಿ ತಿರುಗಿ ನೋಡಿದಾಗಲೂ ಅವನು ಶಾಲು ಹಾಕಿಕೊಂಡೇ ದನ ಅಟ್ಟುತ್ತಿದ್ದ.

ಸ್ನಾನದ ತೊಟ್ಟಿ

ಗ್ಯಾರೇಜಿಗೆ ಬಂದು ಮರವನ್ನು ಬೆಂಚಿನ ಮೇಲಿಟ್ಟು ಒಂದು ಸಲ ತಿರುಗಿಸಿದೆ, ಇನ್ನೊಂದು ಸಲ ತಿರುಗಿಸಿದೆ. ಬುಡ ಯಾವುದು, ತುದಿ ಯಾವುದು? ಬೆಲೆಯ ಜಗಳದಲ್ಲಿ ಗುರುತು ಹಾಕುವುದನ್ನೇ ಮರೆತಿದ್ದೆ. ಆ ಸೀಳು ಮೂರು ಸಲ ಗಾಡಿ ಹತ್ತಿ ಇಳಿದು ತಿರುಗಿಹೋಗಿತ್ತು. ಮೊಳದುದ್ದದ ತುಂಡಿನಲ್ಲಿ ಎರಡು ಕಡೆಯೂ ದಪ್ಪ ಒಂದೇ, ಗಂಟು ಒಂದೂ ಇಲ್ಲ.

"ಗೂಗಲ್ ಮಾಡ್ಲಾ?" ಎಂದಳು ಸವಿತಾ.

"ನಿನ್ನಜ್ಜನ ಕೇಳೋಣ," ಎಂದೆ.

ಮನೆಯ ಕಂಬವನ್ನು ತಲೆಕೆಳಗಾಗಿ ನಿಲ್ಲಿಸಬಾರದು ಎಂಬುದು ನಮ್ಮಲ್ಲೂ ಇದೆ. ಬುಡ ನೆಲಕ್ಕೆ, ತುದಿ ಸೂರಿಗೆ. ಅನುಮಾನ ಬಂದಾಗ ನಮ್ಮಪ್ಪ ಮರವನ್ನು ಕೆರೆಗೆ ಬಿಡುತ್ತಿದ್ದ. ಬುಡದ ಮರ ಗಟ್ಟಿ, ಭಾರ. ಆ ಕಡೆ ತುಸು ಮುಳುಗುತ್ತದೆ. ಹ್ಯಾಮಿಲ್ಟನ್ನಿನಲ್ಲಿ ಕೆರೆಗೆ ಎಲ್ಲಿ ಹೋಗಲಿ? ಮೊದಲು ಸೀಳನ್ನು ಕೀಸುಳಿಯಲ್ಲಿ ಹೊಡೆದು ಉದ್ದಕ್ಕೂ ಒಂದೇ ಸಮ ಮಾಡಿದೆ. ಆಮೇಲೆ ಸವಿತಾಳ ಸ್ನಾನದ ತೊಟ್ಟಿ ತುಂಬಿಸಿದೆ. ಅಮಾಲಾ, ಡೋಲ್ಮಾ, ಸವಿತಾ ಮೂವರೂ ಶಾಂಪೂ ಬಾಟಲಿಗಳ ನಡುವೆ ಬಗ್ಗಿ ನಿಂತರು. ಮರವನ್ನು ನೀರಿನ ಮೇಲಿಟ್ಟು ಕೈ ಬಿಟ್ಟೆ. ತೂಗಾಡಿತು, ನಿಂತಿತು. ಒಂದು ಕಡೆ ಬೆರಳಗಲ ಕೆಳಗೆ.

ನಂಬಲಾರದೆ ತಿರುಗಿಸಿ ಬಿಟ್ಟೆ. ಅದೇ ತುದಿ ಮತ್ತೆ ಮುಳುಗಿತು. ಮೂರನೇ ಸಲವೂ.

"ಇದು ಬುಡ," ಎಂದು ಪೆನ್ಸಿಲ್ ಗೀಟು ಹಾಕಿದೆ. ಓದಿದವರು ಮೂರು ಜನ ಇದ್ದ ಆ ಮನೆಯಲ್ಲಿ... ಇರಲಿ, ಅಮಾಲಾ ಓದಿದವರಲ್ಲ. ಎರಡು ಜನ ಇದ್ದ ಆ ಮನೆಯಲ್ಲಿ ಆ ಮಾತು ಹೇಳಬಲ್ಲವನು ನಾನೊಬ್ಬನೇ.

ಸೀಳಿದ ಹಳೆಯ ಕಡ್ಡಿಯನ್ನು ಎದುರಿಗಿಟ್ಟುಕೊಂಡು ಹೊಸದನ್ನು ತೀಡಿದೆ. ಯಾರೋ ಹೆಸರಿಲ್ಲದ ಕೆಲಸದವನು ಆ ಬೆಟ್ಟದ ಮೇಲೆ ಮಾಡಿದ್ದು. ಉಳಿಯ ಗುರುತು ಇನ್ನೂ ಇತ್ತು. ಮೂರ್ತಿಯ ಹೊಟ್ಟೆಯೊಳಗೆ ಯಾರೂ ನೋಡದ ಕಡೆ ಕೂಡ ಅವನು ನಾಲ್ಕು ಮೂಲೆಯನ್ನು ಕೂದಲೆಳೆ ತಪ್ಪದಂತೆ ತೀಡಿದ್ದ. ಅವನು ಎಷ್ಟು ತೆಗೆದುಕೊಂಡನೋ ಎಂದು ಯೋಚಿಸಿದೆ. ಜಾಸ್ತಿ ತೆಗೆದುಕೊಂಡವನ ಕೆಲಸದ ಹಾಗೆ ಅದು ಕಾಣಲಿಲ್ಲ.

ಸ್ಯಾಂಡ್ರಿಂಗಮ್

ಭಾನುವಾರ ಆಕ್ಲೆಂಡಿಗೆ ಹೋದೆವು. ಸ್ಯಾಂಡ್ರಿಂಗಮ್ ರಸ್ತೆ ಬಂದ ಕೂಡಲೇ ಕರಿಬೇವು, ಒಗ್ಗರಣೆ ವಾಸನೆ ಮೂಗಿಗೆ ಬಡಿಯಿತು. ಲಾಮಾ ಇಳಿದುಕೊಂಡಿದ್ದ ಮನೆ ಒಂದು ಕಿರಾಣಿ ಅಂಗಡಿಯ ಹಿಂದೆ.

ಅವರು ಕಡ್ಡಿಯನ್ನು ಬೆಳಕಿಗೆ ಹಿಡಿದರು, ಮೂಸಿದರು. "ಮೇಲೆ ಯಾವುದು?" ಎಂದು ಕನ್ನಡದಲ್ಲೇ ಕೇಳಿದರು. ತೋರಿಸಿದೆ. "ಹೇಗೆ ಗೊತ್ತು?" ಎಂದರು. ಸ್ನಾನದ ತೊಟ್ಟಿಯ ಕಥೆ ಹೇಳಿದೆ. ಲಾಮಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ತುದಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟರು.

ಮಂತ್ರದ ಸುರುಳಿ ಸುತ್ತಿ, ಬಾರ್ಲಿ ತುಂಬಿ, ಅವರು ಹವಳಕ್ಕೆ ಕೈ ಚಾಚಿದಾಗ ಅಮಾಲಾ ಕೊಡಲಿಲ್ಲ. ಅಂಗೈಯಲ್ಲೇ ಹಿಡಿದು ನೋಡುತ್ತ ಕೂತರು.

ಡೋಲ್ಮಾ ಮೆಲ್ಲಗೆ ಹೇಳಿದಳು, "ಬೇಕಾದ್ರೆ ಇಟ್ಕೋಮ್ಮಾ. ಅಜ್ಜಿದಲ್ವಾ?"

ಮಾರ್ಟ್‌ಗೇಜಿನ ಡಿಪಾರ್ಟ್‌ಮೆಂಟಿನವಳ ದನಿ ಅದಾಗಿರಲಿಲ್ಲ. ಅಮಾಲಾ ಹವಳವನ್ನು ಮಗಳ ಕೈಗಿಟ್ಟು, ಅವಳ ಬೆರಳು ಮಡಚಿ, ಮತ್ತೆ ಬಿಡಿಸಿದರು. "ಒಂದ್ಸಲ ಮುಟ್ಟು. ಈಗ ನೀನೇ ಹಾಕು." ಡೋಲ್ಮಾ ಹಾಕಿದಳು. ಲಾಮಾ ಮುಚ್ಚಳ ಬಡಿದು ಕೂರಿಸಿದರು. ಅಲ್ಲಿಗೆ ಆ ಹವಳ ಇನ್ನೊಂದು ಅರವತ್ತು ವರ್ಷಕ್ಕೆ ಮರೆಯಾಯಿತು.

ಬರುವಾಗ ಮಸಾಲೆ ದೋಸೆ ತಿಂದೆವು. ಚಟ್ನಿಯಲ್ಲಿ ಸಕ್ಕರೆ ಇತ್ತು. ಅದನ್ನು ಕ್ಷಮಿಸುವಷ್ಟು ಖುಷಿಯಲ್ಲಿದ್ದೆ.

ಮತ್ತೆ ರೊಟೊಟೂನ

ಸೋಮವಾರ ಗೋಡೆಯನ್ನು ಅಂಗುಲ ಅಂಗುಲ ತಟ್ಟುತ್ತ ಬಂದೆ. ಡಬ್, ಡಬ್, ಡಬ್, ಟಕ್. ಟಕ್ ಎಂದಲ್ಲಿ ಕಂಬ. ಎರಡು ಕಂಬಕ್ಕೂ ಸೇರಿಸಿ ಒಂದು ಪಟ್ಟಿ ಬಿಗಿದು, ಅದರ ಮೇಲೆ ಗೂಡು ಕೂರಿಸಿದೆ. ಹಳೆಯ ತೂತುಗಳೆಲ್ಲ ಗೂಡಿನ ಬೆನ್ನಿಗೆ ಮುಚ್ಚಿಹೋದವು. ಆಮೇಲೆ ಎರಡು ಕೈಯಲ್ಲೂ ಪಟ್ಟಿ ಹಿಡಿದು ಜೋತುಬಿದ್ದೆ. ಡೋಲ್ಮಾ ಕಿರುಚಿದಳು. ಗೋಡೆ ಮಿಸುಕಲಿಲ್ಲ.

ಬುದ್ಧ ಕೂತ. ಏಳು ಬಟ್ಟಲಿಗೂ ನೀರು ಬಿತ್ತು. ಏಳನೆಯದು ತುಂಬುವಾಗ ನಾವು ನಾಲ್ವರೂ ಉಸಿರು ಬಿಗಿಹಿಡಿದಿದ್ದೆವು. ಅಮಾಲಾ ಬೆಣ್ಣೆಯ ದೀಪ ಹಚ್ಚಿದರು. ಊರು ಬಿಟ್ಟ ಮೇಲೆ ಇಷ್ಟು ಒಳ್ಳೆ ಬೆಣ್ಣೆ ದೀಪಕ್ಕೆ ಸಿಕ್ಕಿದ್ದು ಈ ದೇಶದಲ್ಲೇ ಅಂತೆ.

ಮೂರು ಸಲ ಅಡ್ಡಬಿದ್ದು ಎದ್ದು ಅಮಾಲಾ ನನ್ನ ಕಡೆ ತಿರುಗಿದರು. "ಎಷ್ಟಾಯ್ತು ಆಚಾರ್ರೇ?"

ಅವರ ಹಿಂದೆ ನಿಂತಿದ್ದ ಸವಿತಾ ಕಣ್ಣಲ್ಲೇ ಬೇಡ, ಬೇಡ ಎಂದಳು. ಬೇಡ ಎನ್ನುವುದು ನನಗೂ ಬಾಯಿಗೆ ಬಂದಿತ್ತು. ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಮಾತು. ಅಷ್ಟರಲ್ಲಿ ಗಾಡಿಗೆ ಮೂರು ಸಲ ವಾಪಸು ಹೋದ ಮರದ ತುಂಡು ನೆನಪಾಯಿತು.

ಹಲಗೆಗೆ ಇಷ್ಟು, ಕೀಲಿಗೆ ಇಷ್ಟು, ಎರಡು ದಿನದ ಕೂಲಿ ಇಷ್ಟು. ಬಿದ್ದ ಗೂಡನ್ನು ಮತ್ತೆ ನಿಲ್ಲಿಸಿದ ದಿನಕ್ಕೆ ಕೂಲಿ ಇಲ್ಲ. ಮನಸ್ಸಿನಲ್ಲೇ ಕೂಡಿಸಿ ಹೇಳಿದೆ.

ಅಮಾಲಾ ಕಣ್ಣು ಕಿರಿದು ಮಾಡಿದರು. "ಇದು ಮಂಚದ ರೇಟು."

"ಮಂಚದ ರೇಟೇ ಅಮಾಲಾ."

"ದೇವರಿಗೆ ಮಂಚದ ರೇಟಾ? ಇನ್ನೊಂದು ಸ್ವಲ್ಪ ಹೇಳಿ."

"ಹೇಳಿದ ಮೇಲೆ ಹೇಳಿದ್ದೇ. ಗೂಡಿಗೆ ಚೌಕಾಸಿ ಮಾಡೋರಲ್ಲ ನೀವು, ನೀವೇ ಅಂದದ್ದು."

ಅಮಾಲಾ ಎರಡೂ ಕೈಯಲ್ಲಿ ನೋಟು ಹಿಡಿದು, ಹಣೆಗೆ ಮುಟ್ಟಿಸಿ ಕೊಟ್ಟರು. ನಾನೂ ಎರಡು ಕೈಯಲ್ಲೇ ತೆಗೆದುಕೊಂಡೆ.

ಕಾರು ಎದುರುಮನೆಯ ದೋಣಿ ದಾಟಿದ್ದೇ ತಡ, ಸವಿತಾ ಕೇಳಿಯೇಬಿಟ್ಟಳು.

"ಏನಪ್ಪಾ, ಬೀಳ್ಸಿದ್ದೂ ನೀನೇ, ದುಡ್ಡೂ ತಗೊಂಡ್ಯಲ್ಲ?"

"ತಗೊಂಡೆ," ಎಂದೆ. "ತಗೊಳ್ದೇ ಇದ್ದಿದ್ರೆ ಆ ಗೂಡು ನಂದಾಗೋಗ್ತಿತ್ತು."